ಬೂತಾಯಿ ಎಷ್ಟಿದೆ, ಎಷ್ಟು ಹಿಡಿಯಬಹುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೂತಾಯಿ ಮೀನಿನ ಬಗ್ಗೆ, ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ, ಸಹಕಾರ ಸಂಘದ ಸಭೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ ಆದಷ್ಟೂ ಇಟ್ಟು, ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ಲೆಕ್ಕಾಚಾರದವು ಆಮೇಲೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು.

## ಮೀನಿನ ಬಗ್ಗೆ

ಬೂತಾಯಿ, ಬೈಗೆ, ತಾರ್ಲೆ, ಮತ್ತಿ – ಇವೆಲ್ಲ ಒಂದೇ ಮೀನಾ?

ಹೌದು. ಮಂಗಳೂರು, ಉಡುಪಿ ಕಡೆ ಬೂತಾಯಿ, ಉತ್ತರ ಕನ್ನಡದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ ಅಥವಾ ಚಾಳ. ವಿಜ್ಞಾನಿಗಳ ಪುಸ್ತಕದಲ್ಲಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಮೈಯಲ್ಲಿ ಎಣ್ಣೆಯ ಅಂಶ ಹೆಚ್ಚಾಗಿರುವುದರಿಂದ ಎಣ್ಣೆ ಸಾರ್ಡೀನ್ ಎಂಬ ಹೆಸರೂ ಇದೆ. ಪೇಟೆಯಲ್ಲಿ ‘ಬೂತಾಯಿ’ ಎಂದು ಮಾರುವುದರಲ್ಲಿ ಇದೇ ಕುಲದ ಬೇರೆ ಜಾತಿಯ ಮೀನುಗಳೂ ಸೇರಿರುತ್ತವೆ. ಅವುಗಳ ಲೆಕ್ಕ ಬೇರೆ. ಈ ಪುಟದಲ್ಲಿ ಹೇಳುವುದೆಲ್ಲ ಎಣ್ಣೆ ಬೂತಾಯಿಯ ಬಗ್ಗೆ.

ಒಂದು ಬೂತಾಯಿ ಎಷ್ಟು ವರ್ಷ ಬದುಕುತ್ತೆ? ಮೊಟ್ಟೆ ಯಾವಾಗ?

ಸುಮಾರು ಎರಡೂವರೆ, ಮೂರು ವರ್ಷ. ಆದರೆ ಅಷ್ಟು ದಿನ ಉಳಿಯುವುದು ಬಹಳ ಕಡಿಮೆ ಮೀನು. ಮೊದಲ ವರ್ಷ ಮುಗಿಯುವ ಹೊತ್ತಿಗೆ 14–15 ಸೆಂ.ಮೀ. ಬೆಳೆದು ಮೊಟ್ಟೆ ಇಡಲು ಸಿದ್ಧವಾಗುತ್ತದೆ. ಮೊಟ್ಟೆಯ ಕಾಲ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್, ಅಂದರೆ ಮುಂಗಾರಿನ ಜೊತೆಗೆ. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಮರಿಗಳು ಮಳೆಗಾಲದ ಕೊನೆಗೆ ದಡದ ಹತ್ತಿರ ಹಿಂಡುಗಟ್ಟಿ ಕಾಣಿಸಿಕೊಳ್ಳುತ್ತವೆ.

ಇದರಲ್ಲೇ ಇಡೀ ಸಮಸ್ಯೆಯ ಬೇರು ಇದೆ. ಇಪ್ಪತ್ತು ಮೂವತ್ತು ವರ್ಷ ಬದುಕುವ ಮೀನಾದರೆ ಒಂದೆರಡು ಮಳೆಗಾಲ ಕೆಟ್ಟರೂ ಹಳೇ ತಲೆಮಾರು ಕೈಹಿಡಿಯುತ್ತದೆ. ಬೂತಾಯಿಗೆ ಆ ಆಸರೆ ಇಲ್ಲ. ಈ ವರ್ಷ ನಾವು ಹಿಡಿಯುವುದರಲ್ಲಿ ಹೆಚ್ಚಿನವು ಹೋದ ವರ್ಷದ, ಇಲ್ಲವೇ ಇದೇ ವರ್ಷದ ಮರಿಗಳು.

ಒಂದು ವರ್ಷ ಕೊಳೆಯುವಷ್ಟು ಬರುತ್ತೆ, ಇನ್ನೊಂದು ವರ್ಷ ಸಾರಿಗೂ ಸಿಗಲ್ಲ. ಯಾಕೆ ಹೀಗೆ?

ಕೇರಳದ ಅಂಕಿ ನೋಡಿದರೆ ಏರಿಳಿತದ ಅಳತೆ ತಿಳಿಯುತ್ತದೆ. 2012ರಲ್ಲಿ ಅಲ್ಲಿ ದಡಕ್ಕೆ ಬಂದ ಬೂತಾಯಿ ಸುಮಾರು 3.99 ಲಕ್ಷ ಟನ್. 2019ರಲ್ಲಿ 44 ಸಾವಿರ ಟನ್. 2021ರಲ್ಲಿ ಬರೀ 3,297 ಟನ್. ಮರುವರ್ಷವೇ ಮತ್ತೆ ಒಂದು ಲಕ್ಷ ಟನ್ ದಾಟಿತು. ಭತ್ತ, ಅಡಿಕೆ ಯಾವುದರಲ್ಲೂ ಇಂಥ ಏರುಪೇರು ಕಾಣಲಾರಿರಿ.

ಇದಕ್ಕೆ ಒಂದೇ ಕಾರಣ ಹುಡುಕಬಾರದು. ಮುಂಗಾರಿನಲ್ಲಿ ನಮ್ಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಸತ್ವವಿರುವ ನೀರು ಮೇಲೇಳುತ್ತದೆ. ಆ ಸತ್ವದಿಂದ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿಯ ಹೊಟ್ಟೆ ಸೀಳಿ ನೋಡಿದ ಹಳೆಯ ಸಂಶೋಧಕರಿಗೆ ಅದರಲ್ಲೂ ಫ್ರಾಜಿಲೇರಿಯಾ ಓಷಿಯಾನಿಕಾ ಎಂಬುದೇ ಹೇರಳವಾಗಿ ಸಿಕ್ಕಿತ್ತು. ಮರಿ ಕಣ್ಣುಬಿಡುವ ಹೊತ್ತಿಗೂ ಮೇವು ಚಿಗುರುವ ಹೊತ್ತಿಗೂ ಹೊಂದಿಕೆಯಾದರೆ ಮರಿಗಳು ಉಳಿಯುತ್ತವೆ, ತಪ್ಪಿದರೆ ಕೋಟಿಗಟ್ಟಲೆ ಸಾಯುತ್ತವೆ. ಮೇಲೇಳುವ ನೀರು ವಿಪರೀತವಾದರೂ ತೊಂದರೆಯೇ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನು ದಡ ಬಿಟ್ಟು ಸರಿಯುತ್ತದೆ. ಮೊಟ್ಟೆಯಿಡುವ ತಿಂಗಳುಗಳ ಮಳೆಗೂ ಮರಿಗಳ ಯಶಸ್ಸಿಗೂ ಇರುವ ನಂಟನ್ನು ಆಂಟನಿ ರಾಜಾ ಅವರಂಥ ವಿಜ್ಞಾನಿಗಳು 1960–70ರ ದಶಕದಲ್ಲೇ ಹುಡುಕಹೊರಟಿದ್ದರು. 2015ರ ಆಸುಪಾಸಿನ ಕುಸಿತದಲ್ಲಿ ಎಲ್ ನಿನೊ ಬಿಸಿಯ ಪಾಲೂ ಇತ್ತು.

ಹಾಗಾದರೆ ನಮ್ಮ ಬಲೆಯ ಪಾಲು? ಮೀನಿನ ಸಂಖ್ಯೆ ಇಳಿಯಲು ಶುರುವಾಗುವುದು ಹೆಚ್ಚಾಗಿ ಸಮುದ್ರದ ಕಾರಣದಿಂದ. ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ವರ್ಷ ಅಲ್ಲೇ ಇರುತ್ತದೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಮುಂದಿನ ಎಲ್ಲ ಉತ್ತರಗಳೂ ಈ ಮಾತಿನ ಮೇಲೇ ನಿಂತಿವೆ.

ಬಲೆ ಇಲ್ಲದ ಕಾಲದಲ್ಲೂ ಹೀಗೇ ಆಗ್ತಿತ್ತು ಅಂತಾರೆ. ನಿಜವಾ?

ಬೂತಾಯಿಯ ನೆಂಟನಾದ ಪೆಸಿಫಿಕ್ ಸಾರ್ಡೀನ್ ವಿಷಯದಲ್ಲಿ ನಿಜ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿಯ ಸಮುದ್ರತಳದ ಕೆಸರಿನಲ್ಲಿ ಪದರ ಪದರವಾಗಿ ಕೂತ ಮೀನಿನ ಹುರುಪೆಗಳನ್ನು ಎಣಿಸಿ, ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನಿಂದ ಸಾರ್ಡೀನ್ ಏರುತ್ತ ಇಳಿಯುತ್ತ ಬಂದಿರುವುದನ್ನು ತೋರಿಸಿದ್ದಾರೆ. ಆಗ ದೊಡ್ಡ ಬಲೆಯೂ ಇರಲಿಲ್ಲ, ಕ್ಯಾನಿಂಗ್ ಕಾರ್ಖಾನೆಯೂ ಇರಲಿಲ್ಲ. ಇದನ್ನೇ ಹಿಡಿದು ‘ಹಾಗಿದ್ದರೆ ಎಷ್ಟು ಹಿಡಿದರೂ ಪರವಾಗಿಲ್ಲ’ ಎನ್ನುವವರಿದ್ದಾರೆ. ಅದು ತಪ್ಪು. ತಾನಾಗಿಯೇ ಇಳಿಯುತ್ತಿರುವ ಮೀನಿನ ಮೇಲೆ ಅದೇ ವೇಗದಲ್ಲಿ ಬಲೆ ಬೀಸಿದರೆ ಏನಾಗುತ್ತದೆ ಎಂಬುದಕ್ಕೆ ನಮೀಬಿಯಾ ಉದಾಹರಣೆ. 1968ರ ಹೊತ್ತಿಗೆ ಅಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಟನ್ ಸಾರ್ಡೀನ್ ಹಿಡಿಯುತ್ತಿದ್ದರು. ಮುಂದಿನ ದಶಕದಲ್ಲಿ ಕುಸಿಯಿತು. ಅರ್ಧ ಶತಮಾನ ಕಳೆದರೂ ಹಳೆಯ ಮಟ್ಟಕ್ಕೆ ಮರಳಲಿಲ್ಲ. 2018ರಲ್ಲಿ ಸಾರ್ಡೀನ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸಾರ್ಡೀನ್ ಇದ್ದ ಜಾಗವನ್ನು ಅಂಬಲಿ ಮೀನು, ಅಂದರೆ ಜೆಲ್ಲಿ ಫಿಶ್, ತುಂಬಿಕೊಂಡಿತು. ಸಾರ್ಡೀನ್ ತಿಂದು ಬದುಕುತ್ತಿದ್ದ ಪೆಂಗ್ವಿನ್‌ಗಳು ಸೊರಗಿದವು.

## ಲೆಕ್ಕದ ಬಗ್ಗೆ

ಸಮುದ್ರದಲ್ಲಿರುವ ಮೀನನ್ನು ಎಣಿಸಿದವರು ಯಾರು? ಈ ಟನ್ ಲೆಕ್ಕ ಎಲ್ಲಿಂದ ಬರುತ್ತೆ?

ಪತ್ರಿಕೆಯಲ್ಲಿ ಬರುವ ಟನ್ ಲೆಕ್ಕ ಸಮುದ್ರದಲ್ಲಿರುವ ಮೀನಿನದ್ದಲ್ಲ, ದಡಕ್ಕೆ ಬಂದ ಮೀನಿನದ್ದು. ಅದನ್ನು ಮುಖ್ಯವಾಗಿ ಅಂದಾಜು ಮಾಡುವುದು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಎಲ್ಲರೂ ಕರೆಯುವಂತೆ ಸಿಎಂಎಫ್‌ಆರ್‌ಐ. 1947ರಲ್ಲಿ ಶುರುವಾದ ಈ ಸಂಸ್ಥೆಯ ಕೇಂದ್ರ ಕೊಚ್ಚಿಯಲ್ಲಿದೆ, ಮಂಗಳೂರಿನಲ್ಲೂ ಅದರ ಕೇಂದ್ರವಿದೆ. ಪ್ರತಿ ದೋಣಿಯ ಮೀನನ್ನೂ ತೂಗಲು ಆಗುವುದಿಲ್ಲ. ಹಾಗಾಗಿ ಕರಾವಳಿಯನ್ನು ವಲಯಗಳಾಗಿ ಹಂಚಿ, ಚೀಟಿ ಎತ್ತಿದ ಹಾಗೆ ಕೆಲವು ಇಳಿದಾಣಗಳನ್ನೂ ಕೆಲವು ದಿನಗಳನ್ನೂ ಆರಿಸುತ್ತಾರೆ. ಆ ದಿನ ಅಲ್ಲಿ ಎಷ್ಟು ಬೋಟು ಬಂತು, ಯಾವ ಬಲೆ, ಯಾವ ಮೀನು, ಎಷ್ಟು ಎಂದು ಬರೆದುಕೊಂಡು ಇಡೀ ತಿಂಗಳಿಗೆ, ರಾಜ್ಯಕ್ಕೆ ಲೆಕ್ಕ ಹಿಗ್ಗಿಸುತ್ತಾರೆ.

ಸಮುದ್ರದೊಳಗಿನ ಮೀನನ್ನು ನೇರವಾಗಿ ಅಳೆಯುವ ದಾರಿಗಳೂ ಇವೆ. ಹಡಗಿನಿಂದ ಶಬ್ದದ ಅಲೆ ಬಿಟ್ಟು ಹಿಂಡಿನಿಂದ ಮರಳುವ ಪ್ರತಿಧ್ವನಿಯನ್ನು ಅಳೆಯುವುದು ಒಂದು. ದಕ್ಷಿಣ ಆಫ್ರಿಕಾ 1984ರಿಂದ ಹೀಗೆ ತನ್ನ ಸಾರ್ಡೀನ್ ಅಳೆಯುತ್ತಿದೆ. ನೀರಿನಲ್ಲಿ ತೇಲುವ ಮೊಟ್ಟೆಗಳನ್ನು ಎಣಿಸಿ, ಇಷ್ಟು ಮೊಟ್ಟೆಗೆ ಇಷ್ಟು ತಾಯಿಮೀನು ಇರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುವುದು ಇನ್ನೊಂದು. ನಮ್ಮ ಬೂತಾಯಿಗೆ ವರ್ಷ ತಪ್ಪದೆ ಇಂಥ ಸಮೀಕ್ಷೆ ಆಗಲೇಬೇಕು. ಇಷ್ಟು ಮುಖ್ಯವಾದ ಮೀನನ್ನು ದಕ್ಕೆಯ ಲೆಕ್ಕದ ಮೇಲೆಯೇ ಅಳೆಯುತ್ತಿರುವುದು ಸಾಲದು.

ಹಿಡಿದ ಮೀನು ಜಾಸ್ತಿ ಆದರೆ ಸಮುದ್ರದಲ್ಲೂ ಜಾಸ್ತಿ ಇದೆ ಅಂತ ತಾನೇ?

ಬೇರೆ ಮೀನಿಗೆ ಸ್ವಲ್ಪ ಮಟ್ಟಿಗೆ ಹೌದು. ಬೂತಾಯಿಯಂಥ ಹಿಂಡಿನ ಮೀನಿಗೆ ಇದು ಅಪಾಯದ ನಂಬಿಕೆ.

ಬೂತಾಯಿ ಕಡಿಮೆಯಾದಾಗ ಸಮುದ್ರದ ತುಂಬ ತೆಳ್ಳಗೆ ಹರಡುವುದಿಲ್ಲ. ಉಳಿದವು ಮತ್ತೆ ಒಟ್ಟುಗೂಡಿ ಹಿಂಡಾಗುತ್ತವೆ. ಹಿಂಡುಗಳ ಸಂಖ್ಯೆ ಇಳಿಯುತ್ತದೆ, ಒಂದೊಂದು ಹಿಂಡು ಮಾತ್ರ ದಟ್ಟವಾಗಿಯೇ ಇರುತ್ತದೆ. ಇತ್ತ ಬೋಟಿನಲ್ಲಿ ಸೋನಾರ್ ಇದೆ, ವಯರ್‌ಲೆಸ್ ಇದೆ, ಒಬ್ಬರಿಗೆ ಹಿಂಡು ಕಂಡರೆ ಹತ್ತು ಬೋಟಿಗೆ ಸುದ್ದಿ ಹೋಗುತ್ತದೆ. ಹುಡುಕಾಟ ಸುಲಭವಾದಷ್ಟೂ ಬೋಟಿಗೆ ಸಿಗುವ ಮೀನು ಮೊದಲಿನಂತೆಯೇ ಇರುತ್ತದೆ. ಒಟ್ಟು ಮೀನು ಅರ್ಧಕ್ಕೆ ಇಳಿದರೂ ಬಲೆಗೆ ಅದು ಗೊತ್ತಾಗುವುದಿಲ್ಲ. ಗೊತ್ತಾಗುವ ದಿನ ಒಮ್ಮೆಲೇ ಗೊತ್ತಾಗುತ್ತದೆ.

ಆದ್ದರಿಂದ ‘ಬೋಟಿಗೆ ಎಷ್ಟು ಟನ್’ ಎಂಬುದಷ್ಟೇ ಸಾಲದು. ಹಿಂಡು ಹುಡುಕಲು ಎಷ್ಟು ಗಂಟೆ ಹಿಡಿಯಿತು, ಎಷ್ಟು ದೂರ ಹೋದಿರಿ, ಎಷ್ಟು ಡೀಸೆಲ್ ಸುಟ್ಟಿರಿ, ಬರಿಗೈಯಲ್ಲಿ ಬಂದ ದಿನ ಎಷ್ಟು ಎಂಬ ಲೆಕ್ಕ ಬೇಕು. ಬರಿಗೈಯ ದಿನಗಳನ್ನು ಯಾರೂ ಬರೆದಿಡುವುದಿಲ್ಲ, ನಿಜವಾದ ಸುದ್ದಿ ಇರುವುದು ಅವುಗಳಲ್ಲೇ.

ದಕ್ಕೆಯಲ್ಲಿ ಸ್ಕೇಲು ಹಿಡಿದು ಮೀನಿನ ಉದ್ದ ಅಳೀತಾರೆ. ಅದರಿಂದ ಏನು ಗೊತ್ತಾಗುತ್ತೆ?

ಉದ್ದದ ಪಟ್ಟಿಯಿಂದ ಬೆಳವಣಿಗೆಯೂ ಸಾವಿನ ವೇಗವೂ ತಿಳಿಯುತ್ತವೆ. ಆಗಸ್ಟ್‌ನಲ್ಲಿ ಅಳೆದ ಮೀನುಗಳಲ್ಲಿ 9 ಸೆಂ.ಮೀ. ಸುತ್ತ ಒಂದು ಗುಂಪು ಕಂಡಿತು ಅಂದುಕೊಳ್ಳಿ. ಅಕ್ಟೋಬರ್‌ನಲ್ಲಿ ಅದೇ ಗುಂಪು 12ರ ಸುತ್ತ ಕಾಣುತ್ತದೆ. ಹೀಗೆ ತಿಂಗಳು ತಿಂಗಳು ಗುಂಪು ಸರಿಯುವುದನ್ನು ಹಿಂಬಾಲಿಸಿದರೆ ಮೀನು ಎಷ್ಟು ಬೇಗ ಬೆಳೆಯುತ್ತದೆ ಎಂಬ ರೇಖೆ ಸಿಗುತ್ತದೆ. ಬಿಸಿ ನೀರಿನ ಮೀನುಗಳ ಹುರುಪೆಯಲ್ಲಿ, ಕಿವಿಯ ಕಲ್ಲಿನಲ್ಲಿ ವಯಸ್ಸಿನ ಗೆರೆ ಓದುವುದು ಕಷ್ಟವಾದ್ದರಿಂದ ನಮ್ಮಲ್ಲಿ ಈ ದಾರಿಗೇ ಹೆಚ್ಚು ಬೆಲೆ.

ಬೆಳವಣಿಗೆ ತಿಳಿದ ಮೇಲೆ ಸಾವಿನ ಲೆಕ್ಕ. ದೊಡ್ಡ ಮೀನು ಎಷ್ಟು ಬೇಗ ವಿರಳವಾಗುತ್ತ ಹೋಗುತ್ತದೆ ಎಂಬುದರಿಂದ ಒಟ್ಟು ಸಾವಿನ ದರ ಸಿಗುತ್ತದೆ. ಅದನ್ನು ಎರಡು ಭಾಗ ಮಾಡುತ್ತಾರೆ: ಅಂಜಲ್, ಕೇದರದಂಥ ದೊಡ್ಡ ಮೀನು, ಹಕ್ಕಿ, ರೋಗ, ಮುಪ್ಪು ಇವುಗಳಿಂದ ಆಗುವ ಸಹಜ ಸಾವು, ಮತ್ತು ಬಲೆಯಿಂದ ಆಗುವ ಸಾವು. ಲೆಕ್ಕದ ರೀತಿ ತೋರಿಸಲು ಒಂದು ಕಲ್ಪಿತ ಉದಾಹರಣೆ: ಒಟ್ಟು ದರ 3, ಸಹಜ ಸಾವು 1.2, ಬಲೆಯದ್ದು 1.8. ಇದು ನೇರ ಶೇಕಡಾ ಲೆಕ್ಕವಲ್ಲ, ಕ್ಷಣಕ್ಷಣಕ್ಕೂ ಉಳಿದ ಮೀನಿಗೆ ಅನ್ವಯಿಸುವ ದರ. ಒಟ್ಟು ದರ 3 ಎಂದರೆ ವರ್ಷದ ಕೊನೆಗೆ ನೂರರಲ್ಲಿ ಸುಮಾರು ಐದು ಮೀನು ಉಳಿಯುತ್ತವೆ. ಬಲೆಯ ಪಾಲು 1.8ನ್ನು 3ರಿಂದ ಭಾಗಿಸಿದರೆ 0.6. ಇದು 0.5ನ್ನು ಮೀರಬಾರದು ಎಂಬುದು ಹಳೆಯ ನಿಯಮ. ಬೂತಾಯಿ, ಮಣಂಗು ತರಹದ ಹಿಂಡು ಕಟ್ಟುವ ಸಣ್ಣ ಮೀನಿಗೆ 0.5 ಕೂಡ ಹೆಚ್ಚೇ, 0.4ಕ್ಕೆ ನಿಲ್ಲಿಸಬೇಕು ಎಂದು 1992ರಲ್ಲಿ ಪ್ಯಾಟರ್ಸನ್ ಎಂಬ ಮೀನುಗಾರಿಕಾ ವಿಜ್ಞಾನಿ ಹಲವು ಸಮುದ್ರಗಳ ಅನುಭವ ಹೋಲಿಸಿ ಹೇಳಿದರು. ನನ್ನ ಒಲವೂ 0.4ರ ಕಡೆಗೇ.

ಗರಿಷ್ಠ ಸುಸ್ಥಿರ ಇಳುವರಿ ಇಷ್ಟು ಟನ್ ಅಂತ ಒಂದು ಸಂಖ್ಯೆ ಹೇಳಿದರೆ ಮುಗೀತಲ್ಲ?

ಮುಗಿಯುವುದಿಲ್ಲ. ಗರಿಷ್ಠ ಸುಸ್ಥಿರ ಇಳುವರಿ ಎಂದರೆ ಮೀನು ಕುಗ್ಗದಂತೆ ವರ್ಷವರ್ಷವೂ ಹಿಡಿಯಬಹುದಾದ ಅತಿ ಹೆಚ್ಚಿನ ಪ್ರಮಾಣ. ಆ ಸಂಖ್ಯೆ ಬರುವುದು ಸಮುದ್ರ ಸರಾಸರಿಯಲ್ಲಿ ಒಂದೇ ರೀತಿ ಇರುತ್ತದೆ ಎಂಬ ಊಹೆಯ ಮೇಲೆ. ಬೂತಾಯಿಗೆ ಸರಾಸರಿ ವರ್ಷ ಎಂಬುದೇ ಇಲ್ಲ. ಒಳ್ಳೆಯ ವರ್ಷದಲ್ಲಿ ಆ ಸಂಖ್ಯೆ ತೀರ ಕಡಿಮೆಯೆನಿಸುತ್ತದೆ, ಕೆಟ್ಟ ವರ್ಷದಲ್ಲಿ ಅಷ್ಟನ್ನೇ ಹಿಡಿದರೆ ಬುಡ ಕೀಳುತ್ತದೆ. ಹಾಗಾಗಿ ಬೇಕಾಗಿರುವುದು ನಿಂತ ಸಂಖ್ಯೆಯಲ್ಲ, ಮೀನಿನ ಜೊತೆ ಏರುವ ಇಳಿಯುವ ಸೂತ್ರ. ಅದರ ಮಾತು ಕೋಟಾದ ಪ್ರಶ್ನೆಯಲ್ಲಿದೆ.

## ನಿಯಮಗಳ ಬಗ್ಗೆ

ಜೂನ್–ಜುಲೈ ಎರಡು ತಿಂಗಳು ಬೋಟು ಕಟ್ಟಿ ಹಾಕ್ತೇವೆ. ಅಷ್ಟು ಸಾಲದಾ?

ಆ 61 ದಿನದ ರಜೆ ದೊಡ್ಡ ಆಸರೆಯೇ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಅದು ಜಾರಿಯಲ್ಲಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ತೂಫಾನ್ ಎದ್ದು ಕಡಲು ಕಲಕಿ ಇಳಿದ ಮೇಲೆ ಅವರು ದಡದ ಹತ್ತಿರ ಬಲೆ ಹಾಕುತ್ತಾರೆ. ಅವರ ಪಾಲು ಸಣ್ಣದು, ಅದನ್ನು ದೂರುವುದರಲ್ಲಿ ಅರ್ಥವಿಲ್ಲ.

ಕೊರತೆ ಇರುವುದು ಬೇರೆ ಕಡೆ. ಬೂತಾಯಿ ಸೆಪ್ಟೆಂಬರ್‌ವರೆಗೂ ಮೊಟ್ಟೆ ಇಡುತ್ತದೆ, ಮರಿಗಳು ದಡಕ್ಕೆ ಬರುವುದು ಆಗಸ್ಟ್ ನಂತರ. ಆಗಸ್ಟ್ 1ಕ್ಕೆ ಎಲ್ಲ ಬೋಟುಗಳೂ ಒಟ್ಟಿಗೆ ಇಳಿದಾಗ ಮೊದಲು ಸಿಗುವುದು ಅದೇ ಮರಿ. ರಜೆ ತಾಯಿಯನ್ನು ಅರ್ಧ ಕಾಯುತ್ತದೆ, ಮರಿಯನ್ನು ಕಾಯುವುದೇ ಇಲ್ಲ. ಮರಿ ಹೆಚ್ಚು ಬರುವ ವಾರಗಳಲ್ಲಿ, ಮರಿ ಹೆಚ್ಚಿರುವ ಜಾಗಗಳಲ್ಲಿ ಮಾತ್ರ ಬಲೆ ತಡೆಯುವ ಸಣ್ಣ ವಿರಾಮ ಇದಕ್ಕೆ ಉತ್ತರ. ಯಾವ ವಾರ ಎಂಬುದು ಕ್ಯಾಲೆಂಡರ್‌ನಿಂದ ಬರಬಾರದು, ದಕ್ಕೆಯ ಅಳತೆಪಟ್ಟಿಯಿಂದ ಬರಬೇಕು.

ಮೊಟ್ಟೆ ಇಡುವುದು 15 ಸೆಂಟಿಮೀಟರ್‌ಗೆ. ಕೇರಳದಲ್ಲಿ 10ಕ್ಕೇ ಹಿಡಿಯಲು ಬಿಟ್ಟಿದ್ದಾರೆ. ಇದು ಯಾವ ನ್ಯಾಯ?

ಒಳ್ಳೆಯ ಪ್ರಶ್ನೆ. 10 ಸೆಂ.ಮೀ. ಎಂಬುದು ಜೀವಶಾಸ್ತ್ರದ ಗೆರೆಯಲ್ಲ, ರಾಜಿಯ ಗೆರೆ. 15ಕ್ಕೆ ಗೆರೆ ಎಳೆದರೆ ಮಳೆಗಾಲದ ನಂತರದ ಮೀನುಗಾರಿಕೆಯ ಬಹುಪಾಲು ನಿಲ್ಲುತ್ತದೆ, ಹಿಡಿಯುವವರೂ ಮಾರುವವರೂ ತಿನ್ನುವವರೂ ಒಪ್ಪಲಾರರು. ಎಂಟು ಒಂಬತ್ತು ಸೆಂ.ಮೀ. ಮರಿಯನ್ನು ರಾಶಿ ಹಾಕುವುದನ್ನಾದರೂ 10ರ ಗೆರೆ ತಡೆಯುತ್ತದೆ.

ಇದು ಹೊಸ ಜಗಳವೂ ಅಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1940ರ ದಶಕದ ಆರಂಭದಲ್ಲಿ ಬೂತಾಯಿ ಕುಸಿಯಿತು. ಮೀನುಗಾರಿಕಾ ಇಲಾಖೆಯ ದೇವನೇಸನ್ ಕಾರಣ ಹುಡುಕಿ ಬರೆದರು. 1943ರಲ್ಲಿ ಸರ್ಕಾರ ಕೆಲವು ಬಗೆಯ ಬಲೆಗಳ ಮೇಲೂ ಮರಿ ಹಿಡಿಯುವುದರ ಮೇಲೂ ನಿರ್ಬಂಧ ಹಾಕಿತು. 1947ರ ಹೊತ್ತಿಗೆ ಅದನ್ನು ಹಿಂತೆಗೆದುಕೊಂಡಿತು. ಗಾತ್ರದ ಗೆರೆ ಕಾಗದದಲ್ಲಿ ಎಳೆದರೆ ನಿಲ್ಲುವುದಿಲ್ಲ. ಹಿಂಡನ್ನು ಸುತ್ತುವರಿದು ಅಡಿ ಮುಚ್ಚುವ ಪರ್ಸೀನ್ ಬಲೆಗೆ ಸಿಕ್ಕ ಹಿಂಡಿನಿಂದ ಮರಿಯನ್ನಷ್ಟೇ ಬೇರ್ಪಡಿಸಿ ಜೀವಂತ ಬಿಡುವುದು ಆಗದ ಮಾತು. ಬಲೆ ಸುತ್ತುವ ಮುಂಚೆಯೇ ನಾಲ್ಕು ಮೀನು ಹಿಡಿದು ನೋಡಿ, ಮರಿಯ ಹಿಂಡಾದರೆ ಬಿಟ್ಟು ಮುಂದೆ ಹೋಗುವುದೊಂದೇ ದಾರಿ.

ಎಲ್ಲಾ ಪರ್ಸೀನ್‌ನವರಿಂದಲೇ ಹಾಳಾಯ್ತು. ಅವರನ್ನು ನಿಲ್ಲಿಸಿದರೆ ಸರಿಹೋಗಲ್ವಾ?

ಈ ಮಾತಿನ ಹಿಂದೆ ಇರುವ ನೋವು ನಿಜವಾದದ್ದು. ಹಿಂದೆ ನಮ್ಮ ಕರಾವಳಿಯಲ್ಲಿ ಬೂತಾಯಿ, ಬಂಗುಡೆ ಎಂದರೆ ರಂಪಣಿ. ಹತ್ತಾರು ಮನೆಗಳು ಪಾಲು ಹಾಕಿ ಮಾಡಿದ ಬಲೆ, ಊರೇ ನಿಂತು ದಡಕ್ಕೆ ಎಳೆಯುವುದು, ಬಂದದ್ದನ್ನು ಪಾಲಿನಂತೆ ಹಂಚುವುದು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ಕಡಲಲ್ಲಿ ಬಲೆಯೊಳಗಾಯಿತು. ಜಗಳಗಳಾದವು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಯಾರ ಪಾಲು ಯಾರಿಗೆ ಹೋಯಿತು ಎಂಬ ಪ್ರಶ್ನೆಗೆ ಇಂದಿಗೂ ನ್ಯಾಯವಾದ ಉತ್ತರ ಸಿಕ್ಕಿಲ್ಲ.

ಆದರೆ ಮೀನಿನ ಲೆಕ್ಕದಲ್ಲಿ ಬಲೆಯ ಹೆಸರಿಗಿಂತ ಒಟ್ಟು ಹಿಡಿದದ್ದು ಎಷ್ಟು, ಯಾವ ಗಾತ್ರದ್ದು ಎಂಬುದೇ ಮುಖ್ಯ. ಕೇರಳದಲ್ಲಿ ಬೂತಾಯಿ ಹಿಡಿಯುವುದು ಹೆಚ್ಚಾಗಿ ರಿಂಗ್‌ಸೀನ್ ಎಂಬ, ಪರ್ಸೀನ್ ತರಹದ ಸುತ್ತುಬಲೆ. ಅದು ಸಾಂಪ್ರದಾಯಿಕ ಮೀನುಗಾರರ ಕೈಯಲ್ಲೇ ಬೆಳೆದ ಬಲೆ, ಈಗ ಬಹಳ ದೊಡ್ಡದಾಗಿದೆ. ಒಂದು ಬಲೆ ನಿಲ್ಲಿಸಿ ಇನ್ನೊಂದನ್ನು ಎಷ್ಟು ಬೇಕಾದರೂ ಬೆಳೆಯಲು ಬಿಟ್ಟರೆ ಬೂತಾಯಿಗೆ ಏನೂ ವ್ಯತ್ಯಾಸವಾಗದು. ಬೆಳಕು ಹಾಕಿ ಹಿಡಿಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ್ದು ಸರಿ, ಅದನ್ನು ಬಿಗಿಯಾಗಿ ಪಾಲಿಸಬೇಕು.

ಮರಿ ಮೀನು ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತಲ್ಲ, ಅದರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಮಾತಾಡಲೇಬೇಕು. ತಿನ್ನುವವರು ಕೊಳ್ಳದ ಮರಿಗೆ ಬೆಲೆ ಇಲ್ಲದಿದ್ದರೆ ಅದನ್ನು ಹಿಡಿದು ತರಲು ಡೀಸೆಲ್ ಸುಡುವವರು ಕಡಿಮೆ. ಮೀನನ್ನು ಪುಡಿ ಮಾಡುವ ಫ್ಯಾಕ್ಟರಿ ಮೀನಿನ ಗಾತ್ರ ನೋಡದೆ ಕೊಂಡರೆ ಆ ತಡೆ ಹೋಗುತ್ತದೆ. ಕಡಲಲ್ಲಿ ಪ್ರತಿ ಬೋಟಿನ ಹಿಂದೆ ಒಬ್ಬ ಅಧಿಕಾರಿಯನ್ನು ನಿಲ್ಲಿಸಲಾಗದು, ಫ್ಯಾಕ್ಟರಿಗಳ ಸಂಖ್ಯೆ ಬೋಟುಗಳಿಗಿಂತ ಎಷ್ಟೋ ಕಡಿಮೆ. ಗಾತ್ರದ ತಪಾಸಣೆ ಅವುಗಳ ಗೇಟಿನಲ್ಲೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

## ಇನ್ನೂ ಆಳಕ್ಕೆ

ನಾವು ಬಿಟ್ಟರೆ ಕೇರಳದವರು ಹಿಡೀತಾರೆ, ಗೋವಾದವರು ಹಿಡೀತಾರೆ. ನಾವೇಕೆ ಬಿಡಬೇಕು?

ಮೀನಿಗೆ ರಾಜ್ಯದ ಗಡಿ ಇಲ್ಲ ಎಂಬುದು ಸರಿ. ಒಮಾನ್ ಕರಾವಳಿಯ ಬೂತಾಯಿಗೂ ನಮ್ಮದಕ್ಕೂ ವಂಶವಾಹಿಯಲ್ಲಿ ವ್ಯತ್ಯಾಸ ಕಂಡಿದೆ, ಆದರೆ ಮಂಗಳೂರಿನದನ್ನೂ ಕಾಸರಗೋಡಿನದನ್ನೂ ಬೇರೆ ಬೇರೆ ಎಂದು ಭಾವಿಸಿ ನಿರ್ವಹಿಸಲು ಆಧಾರವಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಕರ್ನಾಟಕದ ಕಾಯಿದೆ 1986ರದ್ದು, ಕೇರಳದ್ದು 1980ರದ್ದು, ನಿಯಮಗಳು ಬೇರೆ ಬೇರೆ. ಹೀಗಿರುವಾಗ ಒಬ್ಬರೇ ಬಿಟ್ಟುಕೊಡುವುದು ಕಷ್ಟ. ಮೂರೂ ರಾಜ್ಯಗಳಿಗೆ ಒಂದೇ ಕನಿಷ್ಠ ಗಾತ್ರ, ಒಂದೇ ಸಮಯದ ಮರಿ ವಿರಾಮ ಬೇಕು. ಮುಂಗಾರಿನ ರಜೆಯನ್ನು ಇಡೀ ಕರಾವಳಿಗೆ ಒಟ್ಟಾಗಿ ತರಲು ಸಾಧ್ಯವಾಗಿದ್ದರೆ ಇದೂ ಸಾಧ್ಯ.

ವಿದೇಶದ ಹಾಗೆ ಕೋಟಾ ಹಾಕಿದರೆ ನಮ್ಮಲ್ಲಿ ನಡೆಯುತ್ತಾ?

ಅಮೆರಿಕದ ಪೆಸಿಫಿಕ್ ಸಾರ್ಡೀನ್ ಸೂತ್ರ ನೋಡುವಂಥದ್ದು. ಪ್ರತಿ ವರ್ಷ ಮೀನಿನ ಒಟ್ಟು ತೂಕ ಅಂದಾಜಿಸುತ್ತಾರೆ. ಅದರಲ್ಲಿ ಮೊದಲ ಒಂದೂವರೆ ಲಕ್ಷ ಟನ್ ಮುಟ್ಟುವ ಹಾಗೇ ಇಲ್ಲ. ಗದ್ದೆಯವರು ಬಿತ್ತನೆ ಬೀಜ ಎತ್ತಿಟ್ಟ ಹಾಗೆ. ಉಳಿದದ್ದರಲ್ಲಿ ಮಾತ್ರ ಒಂದು ಪಾಲು ಹಿಡಿಯಬಹುದು, ಆ ಪಾಲೂ ಸಮುದ್ರದ ಬಿಸಿ ನೋಡಿ ಬದಲಾಗುತ್ತದೆ. ಮೀನು ಒಂದೂವರೆ ಲಕ್ಷಕ್ಕಿಂತ ಇಳಿದರೆ ಸೂತ್ರ ತಾನಾಗಿಯೇ ಸೊನ್ನೆ ಹೇಳುತ್ತದೆ. 2015ರಲ್ಲಿ ಹಾಗೆಯೇ ಮುಖ್ಯ ಮೀನುಗಾರಿಕೆ ನಿಂತಿತು. ಇದರ ಬಲ ಇರುವುದು ನಿಯಮ ಮೊದಲೇ ಬರೆದಿಟ್ಟದ್ದರಲ್ಲಿ. ಕೆಟ್ಟ ವರ್ಷ ಎದುರಿಗೆ ಬಂದು ನಿಂತಾಗ, ಸಾಲದ ಕಂತು ಬಾಕಿ ಇರುವವರ ಜೊತೆ ಕುಳಿತು ‘ನಿಲ್ಲಿಸಿ’ ಎಂದು ಚೌಕಾಶಿ ಮಾಡಲು ಆಗುವುದಿಲ್ಲ.

ಟನ್ ಲೆಕ್ಕದ ಕೋಟಾವನ್ನು ನಮ್ಮಲ್ಲಿ ಹಾಗೇ ತಂದು ಹಾಕಲಾಗದು. ಸಣ್ಣ ಸಣ್ಣ ಇಳಿದಾಣಗಳು, ಸಾವಿರಾರು ದೋಣಿಗಳು, ಪ್ರತಿ ಬುಟ್ಟಿ ತೂಗುವವರಿಲ್ಲ. ಸೂತ್ರದ ಗುಣ ಉಳಿಸಿಕೊಂಡು ಅಳತೆಗೋಲು ಬದಲಿಸಬಹುದು. ಮರಿಯ ಪ್ರಮಾಣ ಇಷ್ಟು ದಾಟಿದರೆ ಹತ್ತು ದಿನ ವಿರಾಮ. ಮುಂಗಾರಿಗೆ ಮೊದಲು, ಏಪ್ರಿಲ್–ಮೇನಲ್ಲಿ, ದೊಡ್ಡ ಮೀನು ಇಷ್ಟಕ್ಕಿಂತ ಇಳಿದರೆ ಮಳೆಗಾಲದ ನಂತರ ವಾರಕ್ಕೆ ಇಷ್ಟೇ ದಿನ ಕಡಲಿಗೆ. ಟನ್ ಬದಲು ದಿನ ಎಣಿಸುವುದನ್ನು ದಕ್ಕೆಯಲ್ಲಿ ಯಾರು ಬೇಕಾದರೂ ನೋಡಬಹುದು. ಜೊತೆಗೆ ವಿರಾಮದ ದಿನಗಳಿಗೆ ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೂ ಮೀನು ಮಾರುವ ಹೆಂಗಸರಿಗೂ ಪರಿಹಾರ ಇರಲೇಬೇಕು. ಅದಿಲ್ಲದೆ ಬರೆದ ನಿಯಮ ಮೊದಲ ವಾರದಲ್ಲೇ ಮುರಿಯುತ್ತದೆ.

ಬೂತಾಯಿ ಮತ್ತೆ ಬಂದಿದೆಯಲ್ಲ. ಈಗ್ಯಾಕೆ ಈ ಮಾತು?

ಮಾತಾಡಬೇಕಾದ ಹೊತ್ತು ಇದೇ. 2023ರಲ್ಲಿ ಕೇರಳದ ಲೆಕ್ಕ 1.38 ಲಕ್ಷ ಟನ್‌ಗೆ ಏರಿತು. ಆಮೇಲೆ ಅಲ್ಲಿ ಸಿಕ್ಕ ಮೀನು ಬಹಳ, ಗಾತ್ರ ಮಾತ್ರ ಸಣ್ಣದು, ಬೆಲೆಯೂ ಬಿದ್ದಿತು. ಮರಿಗಳು ಒಮ್ಮೆಲೇ ವಿಪರೀತ ಉಳಿದುಕೊಂಡು ಮೇವಿಗೆ ಪೈಪೋಟಿ ಆದಾಗ ಹೀಗೆ ಬೆಳವಣಿಗೆ ಕುಗ್ಗುತ್ತದೆ. ಟನ್ ಹೆಚ್ಚಿದ್ದನ್ನಷ್ಟೇ ನೋಡಿದರೆ ಇದು ಕಾಣುವುದಿಲ್ಲ, ಸ್ಕೇಲು ಹಿಡಿದವರಿಗೆ ಕಾಣುತ್ತದೆ.

ಸ್ಪೇನ್, ಪೋರ್ಚುಗಲ್ ಸಾರ್ಡೀನ್ ಕಥೆ ಇಲ್ಲಿ ಧೈರ್ಯ ಕೊಡುತ್ತದೆ. ಅಲ್ಲಿನ ಮೀನು ಎಷ್ಟು ಇಳಿದಿತ್ತೆಂದರೆ 2018ಕ್ಕೆ ಒಂದು ಟನ್ನೂ ಹಿಡಿಯಬೇಡಿ ಎಂದು ವಿಜ್ಞಾನಿಗಳ ಮಂಡಳಿ ಸಲಹೆ ಕೊಟ್ಟಿತು. ಪೂರ್ತಿ ನಿಲ್ಲಿಸದಿದ್ದರೂ ಎರಡೂ ದೇಶಗಳು ಸೇರಿ ಹಿಡಿಯುವುದನ್ನು ಬಹಳ ತಗ್ಗಿಸಿದವು. ಒಳ್ಳೆಯ ಮರಿ ಬಂದ ವರ್ಷ ಅದನ್ನು ಬೆಳೆಯಲು ಬಿಟ್ಟರು. ಕೆಲವೇ ವರ್ಷಗಳಲ್ಲಿ ಮೀನು ಚೇತರಿಸಿಕೊಂಡಿತು.

ನಾನೊಬ್ಬ ಬೋಟ್ ಮಾಲೀಕ. ಸರ್ಕಾರ ಮಾಡುವವರೆಗೆ ಕಾಯದೆ ನಾನೇನು ಮಾಡಬಹುದು?

ಒಂದು ನೋಟ್‌ಬುಕ್ ಇಡಿ. ಹೊರಟ ಸಮಯ, ಹಿಂಡು ಕಂಡ ಸಮಯ, ಆಳ, ಸಿಕ್ಕ ಬುಟ್ಟಿ, ಖಾಲಿ ಬಂದ ದಿನ, ಇಷ್ಟು ಬರೆಯಿರಿ. ವಾರಕ್ಕೊಮ್ಮೆ ಕಣ್ಣಿಗೆ ಬಿದ್ದ ಐವತ್ತು ಮೀನು ಆರಿಸದೆ ತೆಗೆದು ಮೂತಿಯಿಂದ ಬಾಲದ ತುದಿವರೆಗೆ ಉದ್ದ ಅಳೆದು ಬರೆಯಿರಿ. ಐದಾರು ಮೀನಿನ ಹೊಟ್ಟೆ ಬಿಡಿಸಿ ಮೊಟ್ಟೆ ಇದೆಯೇ ನೋಡಿ. ಒಂದು ಬಂದರಿನ ಹತ್ತು ಬೋಟುಗಳು ಎರಡು ಋತು ಹೀಗೆ ಬರೆದರೆ ಮಂಗಳೂರಿನ ವಿಜ್ಞಾನಿಗಳಿಗೆ ಅದು ಬಹಳ ಬೆಲೆಯ ದಾಖಲೆ. ಮರಿ ವಿರಾಮ ಯಾವ ವಾರ ಇರಬೇಕು ಎಂಬ ಸಭೆ ನಡೆಯುವ ದಿನ, ಮೇಜಿನ ಮೇಲೆ ಇಡಲು ನಿಮ್ಮದೇ ಲೆಕ್ಕ ಇರುತ್ತದೆ.